ಮೊದಲ ಟ್ರಿಪ್‌ಗೆ ಶಿರಸಿ: ಜಾಗಕ್ಕಿಂತ ಮೊದಲು ತಿಂಗಳು ನೋಡಿ

ಮೊದಲ ಸಂಬಳ ಬಂದಿದೆ, ಮೂರು ದಿನ ರಜೆ ಇದೆ, ಕಾಡು-ನೀರು ನೋಡ್ಬೇಕು, ಆದ್ರೆ ಜನಜಂಗುಳಿ ಬೇಡ. ಎಲ್ಲಿಗೆ ಹೋಗೋದು? ನಾನಾದ್ರೆ ಶಿರಸಿ ಅಂತೀನಿ. ಆದ್ರೆ ಎಲ್ಲಿಗೆ ಅನ್ನೋದಕ್ಕಿಂತ ಮುಂಚೆ ಯಾವಾಗ ಅಂತ ಕೇಳ್ಕೊಳ್ಳಿ. ಇದು ನಾನು ದುಡ್ಡು ಕಳ್ಕೊಂಡು ಕಲಿತ ಪಾಠ.

ನನ್ನ ಮೊದಲ ಟ್ರಿಪ್ ಜುಲೈನಲ್ಲಿ. ರೀಲ್ಸ್ ನೋಡಿ ಏಳು ಜಾಗಗಳ ಪಟ್ಟಿ ಮಾಡಿದ್ವಿ. ಸಹಸ್ರಲಿಂಗಕ್ಕೆ ಹೋದ್ರೆ ಅಲ್ಲಿ ಒಂದು ಲಿಂಗವೂ ಇಲ್ಲ! ಶಾಲ್ಮಲಾ ನದಿ ಕೆಂಪಗೆ ತುಂಬಿ ಹರೀತಿತ್ತು, ಹೊಳೆಯ ಬಂಡೆಗಳ ಮೇಲೆ ಕೆತ್ತಿರೋ ಲಿಂಗ, ನಂದಿ ಎಲ್ಲಾ ನೀರಿನಡಿ. ಅಘನಾಶಿನಿ ನದಿಯ ಉಂಚಳ್ಳಿ ಜಲಪಾತದ ಎತ್ತರ 116 ಮೀಟರ್. ನಮಗೆ ಸದ್ದು ಮಾತ್ರ ಕೇಳಿಸ್ತು, ಮಂಜಿನಲ್ಲಿ ಏನೂ ಕಾಣಲಿಲ್ಲ. ಉಳಿದ ಪಟ್ಟಿ ಬಿಟ್ಟು, ಕಾಲಿಗೆ ಹತ್ತಿದ ಉಂಬಳ ಕಿತ್ಕೊಳ್ತಾ ವಾಪಸ್ ಬಂದ್ವಿ.

ತಪ್ಪು ಊರಿನದಲ್ಲ, ನಮ್ಮದು. ಜಲಪಾತಕ್ಕೆ ನೀರು ಬೇಕು, ಸಹಸ್ರಲಿಂಗಕ್ಕೆ ನೀರು ಇಳಿದಿರಬೇಕು. ಇವೆರಡೂ ಹೊಂದೋದು ಮಳೆಗಾಲ ಮುಗಿದ ಮೇಲೆ, ನವೆಂಬರ್-ಡಿಸೆಂಬರ್ ಹೊತ್ತಿಗೆ. ಏಪ್ರಿಲ್‌ನಲ್ಲಿ ಹೋದ್ರೆ ಲಿಂಗಗಳು ಚೆನ್ನಾಗಿ ಕಾಣ್ತವೆ, ಆದ್ರೆ ಜಲಪಾತ ಸೊರಗಿರುತ್ತೆ. ಮಳೆ ಜೋರಿದ್ದಾಗ ಜಲಪಾತಗಳಿಗೆ ಪ್ರವೇಶ ನಿಲ್ಲಿಸೋದೂ ಉಂಟು. ಆಗ ಬೇಲಿ ದಾಟಿ ಸೆಲ್ಫಿಗೆ ಹೋಗ್ಬೇಡಿ. ಪಾಚಿ ಹಿಡಿದ ಬಂಡೆ ಮೇಲೆ ಎಂಥಾ ಶೂ ಹಾಕಿದ್ರೂ ಕಾಲು ನಿಲ್ಲಲ್ಲ.

ಎರಡನೇ ಸಲ ಡಿಸೆಂಬರ್‌ನಲ್ಲಿ ಹೋದಾಗ ದಿನಕ್ಕೆ ಒಂದೇ ದೊಡ್ಡ ಜಾಗ ಇಟ್ಕೊಂಡ್ವಿ. ಮೂರೂ ರಾತ್ರಿ ಶಿರಸಿಯಲ್ಲೇ ರೂಮು. ದಿನಾ ಬ್ಯಾಗ್ ಹೊತ್ಕೊಂಡು ಊರು ಬದಲಿಸೋ ಗೋಳಿಲ್ಲ. ಯಾಣಕ್ಕೆ ಇಡೀ ದಿನ ಕೊಟ್ಟಿದ್ದು ಒಳ್ಳೇದಾಯ್ತು. ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್. ದಟ್ಟ ಕಾಡಿನ ನಡುವೆ ಎರಡು ಕಪ್ಪು ಸುಣ್ಣಕಲ್ಲಿನ ಗೋಡೆಗಳು ದಿಢೀರನೆ ಎದುರಾಗ್ತವೆ. ‘ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ’ ಅನ್ನೋ ಗಾದೆ ಇದೆಯಲ್ಲ, ಅದು ರಸ್ತೆ ಇಲ್ಲದ ಕಾಲದ್ದು. ಈಗ ಸ್ವಲ್ಪ ದೂರ ನಡೆದು ಮೆಟ್ಟಿಲು ಹತ್ತಿದ್ರೆ ಸಾಕು. ಆ ಬಂಡೆಗಳ ಸಂದಿಯಲ್ಲಿ ಸುಮ್ನೆ ಅರ್ಧ ಗಂಟೆ ಕೂತ್ಕೊಳ್ಳಿ, ಬೇಸಗೆಯಲ್ಲೂ ತಂಪು.

ಕೊನೆಯ ದಿನ ಬನವಾಸಿ. ಕದಂಬರ ರಾಜಧಾನಿ ಅಂತ ಪಾಠದಲ್ಲಿ ಓದಿದ್ದೇ ಹೊರತು, ಮಧುಕೇಶ್ವರ ದೇವಸ್ಥಾನದಲ್ಲಿ ಕಲ್ಲಿನ ಮಂಚ ಇದೆ ಅಂತ ಯಾರೂ ಹೇಳಿರಲಿಲ್ಲ. ಮಂಚದ ಕೆತ್ತನೆ ನೋಡ್ತಾ ನಿಂತು ಬಸ್ ತಪ್ಪಿಸ್ಕೊಂಡೆ. ನನಗೆ ಅದರ ಬೇಸರ ಇಲ್ಲ.

ಬನವಾಸಿಗೆ ಬಸ್ ಸಾಕು. ಯಾಣ, ಉಂಚಳ್ಳಿಗೆ ನಾಲ್ಕು ಜನ ಸೇರಿ ಗಾಡಿ ಮಾಡ್ಕೊಳ್ಳೋದೇ ಅಗ್ಗ. ಕಾಡಿನ ದಾರಿಯಲ್ಲಿ ನೆಟ್‌ವರ್ಕ್ ಕೈಕೊಡುತ್ತೆ, ಹಾಗಾಗಿ ಮ್ಯಾಪನ್ನ ಮೊದಲೇ ಡೌನ್‌ಲೋಡ್ ಮಾಡಿಡಿ, ಜೇಬಲ್ಲಿ ನಗದು ಇರಲಿ. ಹೊರಡೋ ಎರಡು ದಿನ ಮುಂಚೆ ರೂಮಿನವರಿಗೆ ಒಂದು ಫೋನ್ ಮಾಡಿ, ಎರಡು ಪ್ರಶ್ನೆ ಕೇಳಿ: ಹೊಳೆಯಲ್ಲಿ ನೀರು ಎಷ್ಟಿದೆ? ವಾಪಸ್ ಬರೋಕೆ ಕೊನೇ ಬಸ್ ಎಷ್ಟೊತ್ತಿಗೆ?