ಮಣ್ಣು ಬೇಡದ ಹೂವಿನ ಗಿಡ: ಬೀದರದ ಮನೆಯೊಳಗೆ ಆರ್ಕಿಡ್

ನಮ್ಮ ಬಿಸಿಲಿಗೆ ಆರ್ಕಿಡ್ ಒಣಗಿ ಸಾಯುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಬೀದರ, ಭಾಲ್ಕಿ, ಔರಾದ ಮೂರೂ ಕಡೆ ಬೀಗರು-ಬಿಜ್ಜರ ಮನೆಗಳಲ್ಲಿ ನಾನು ನೋಡಿದ ಸತ್ತ ಗಿಡಗಳು ಎಂಟೊಂಬತ್ತು ಇರಬಹುದು. ಅದರಾಗ ಒಣಗಿ ಸತ್ತದ್ದು ಒಂದೇ ಒಂದು. ಉಳಿದವೆಲ್ಲ ಬೇರು ಕೊಳೆತು ಸತ್ತಿದ್ದವು. ಅಂದರೆ ಬಿಸಿಲಿಗಿಂತ ನಮ್ಮ ಕೈಯ ಚೊಂಬೇ ಇದಕ್ಕೆ ಹೆಚ್ಚು ಅಪಾಯ. ಹೂವಿದ್ದ ಒಂದು ಗಿಡಕ್ಕೆ ಈಗ ಅರ್ಧ ಚೀಲ ಡಿಎಪಿಯ ರೊಕ್ಕ ಬೀಳುತ್ತದೆ. ಮದುವೆಗೆ, ವಾಸ್ತುಶಾಂತಿಗೆ ಉಡುಗೊರೆ ಕೊಡುವ ರೂಢಿಯೂ ಬಂದದೆ. ಅಷ್ಟು ರೊಕ್ಕದ ಗಿಡ ಮೂರು ತಿಂಗಳಿಗೆ ತಿಪ್ಪೆಗೆ ಹೋಗಬಾರದು ಎಂದು ಇಷ್ಟು ಬರೆಯುತ್ತಿದ್ದೇನೆ.

ಆರ್ಕಿಡ್‌ನಲ್ಲಿ ಸಾವಿರಾರು ಜಾತಿ ಇವೆ. ಮನೆಯೊಳಗೆ ಇಡಲು, ಹೊಸಬರಿಗೆ ಹೊಂದುವುದು ಫೆಲನಾಪ್ಸಿಸ್ ಎಂಬುದು. ಹೆಸರು ನಾಲಿಗೆಗೆ ತೊಡಕು, ಅರ್ಥ ಸುಲಭ: ಪತಂಗದ ಹಾಗೆ ಕಾಣುವುದು. ನಾಲ್ಕೈದು ಅಗಲ ದಪ್ಪ ಎಲೆ, ನಡುವಿನಿಂದ ಬಾಗಿದ ದಂಟು, ಅದರ ತುಂಬ ಬಿಳಿ ಇಲ್ಲವೆ ನೇರಳೆ ಹೂವು. ಒಮ್ಮೆ ಅರಳಿದರೆ ಎರಡು ತಿಂಗಳು ನಿಲ್ಲುತ್ತದೆ, ಕೆಲವು ಮೂರು ತಿಂಗಳು. ಇಂಡೋನೇಷ್ಯಾ, ಫಿಲಿಪೈನ್ಸ್ ಕಡೆಯ ಕಾಡುಗಳಲ್ಲಿ ಮರದ ಕೊಂಬೆ ಮೇಲೆ ಬೆಳೆಯುವ ಗಿಡ ಇದು.

ಮರದ ಮೇಲೆ ಅಂದ ಕೂಡಲೆ ನಮ್ಮ ರೈತರಿಗೆ ಬದನಿಕೆ ನೆನಪಾಗುತ್ತದೆ. ಮಾವಿನ ಕೊಂಬೆಗೆ ಬದನಿಕೆ ಹತ್ತಿದರೆ ಕೊಡಲಿ ತಗೊಂಡು ಕಡೀತೀವಿ, ಯಾಕಂದ್ರ ಅದು ಮರದ ಒಳಗೆ ಬೇರು ಇಳಿಸಿ ರಸ ಹೀರುತ್ತದೆ. ಆರ್ಕಿಡ್ ಹಾಗಲ್ಲ. ಅದು ತೊಗಟೆಗೆ ಬರೀ ಅಂಟಿಕೊಂಡಿರುತ್ತದೆ. ಮರದಿಂದ ಅದಕ್ಕೆ ಸಿಗುವುದು ಕೂಡಲು ಜಾಗ, ನೆರಳು ಅಷ್ಟೇ. ಮಳೆ ಬಂದಾಗ ತೊಗಟೆ ಮೇಲೆ ಹರಿದ ನೀರು, ಅದರ ಜೊತೆ ಬಂದ ಎಲೆಪುಡಿ, ಧೂಳು ಇದರ ಊಟ. ನಮ್ಮ ದೇಶದ ಒಣ ಕಾಡುಗಳಲ್ಲಿ ಮಾವು, ಬೇವಿನ ಮರಗಳ ಮೇಲೆ ವಾಂಡಾ ಎಂಬ ಆರ್ಕಿಡ್ ತಾನಾಗಿ ಬೆಳೆಯುತ್ತದೆ. ಅಂಥದ್ದು ಕಂಡರೆ ಬದನಿಕೆ ಅಂತ ಕಿತ್ತು ಒಗೆಯಬ್ಯಾಡ್ರಿ. ಮನೆಗೂ ತರಬ್ಯಾಡ್ರಿ. ಕಾಡಿನಿಂದ ಕಿತ್ತು ತಂದದ್ದು ಕುಂಡದಲ್ಲಿ ಬದುಕುವುದು ಕಷ್ಟ, ಕಾಡಿನಲ್ಲೂ ಒಂದು ಕಮ್ಮಿಯಾಗುತ್ತದೆ.

ಈ ಗಿಡದ ಬೇರನ್ನು ಒಮ್ಮೆ ಕಣ್ಣು ತೆರೆದು ನೋಡಬೇಕು. ಬೆರಳಿನಷ್ಟಲ್ಲದಿದ್ದರೂ ಸಣ್ಣ ಪೆನ್ಸಿಲಿನಷ್ಟು ದಪ್ಪ. ಒಳಗೆ ದಾರದಂಥ ಎಳೆ, ಅದರ ಸುತ್ತ ಸ್ಪಂಜಿನಂಥ ಬಿಳಿ ಪದರ. ನೀರು ಬಿದ್ದ ಕ್ಷಣಕ್ಕೆ ಆ ಪದರ ಹೀರಿಕೊಂಡು ಹಸಿರಾಗುತ್ತದೆ, ಒಣಗಿದಾಗ ಬೆಳ್ಳಿ ಬಣ್ಣಕ್ಕೆ ತಿರುಗುತ್ತದೆ. ಈ ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಆದ್ದರಿಂದಲೇ ಎರೆಮಣ್ಣು ಹಾಕಿದರೆ ಗಿಡ ಮುಗಿದಂತೆ. ಕೆಂಪು ಮಣ್ಣೂ ಆಗದು, ಸಗಣಿ ಗೊಬ್ಬರವೂ ಆಗದು, ಎರೆಗೊಬ್ಬರವೂ ಆಗದು. ಮಳೆ ನಿಂತ ಹೊಲದಾಗ ತೊಗರಿ ಬುಡ ಉಸಿರುಗಟ್ಟಿ ಹಳದಿ ಬೀಳುವುದನ್ನು ನೀವೆಲ್ಲ ಕಂಡೀರಿ. ಅದೇ ರೋಗ ಇದು, ಕುಂಡದ ಅಳತೆಯಲ್ಲಿ.

ಕುಂಡಕ್ಕೆ ತುಂಬಬೇಕಾದ್ದು ಗಟ್ಟಿ ಚೂರುಗಳು. ಪೇಟೆಯಲ್ಲಿ ಪೈನ್ ಮರದ ತೊಗಟೆ ಸಿಗುತ್ತದೆ. ಸಿಗದಿದ್ದರೆ ಕಟ್ಟಿಗೆ ಇದ್ದಲಿ, ಹೆಂಚಿನ ಚೂರು, ತೆಂಗಿನ ಸಿಪ್ಪೆಯ ತುಂಡು ಸಾಕು. ಗಾತ್ರ ಹುಣಸೆ ಬೀಜದಿಂದ ಅಡಿಕೆಯವರೆಗೆ ಇರಲಿ, ಪುಡಿ ಜರಡಿ ಹಿಡಿದು ತೆಗೆಯಿರಿ. ತೆಂಗಿನ ಸಿಪ್ಪೆಯಲ್ಲಿ ಉಪ್ಪು, ಒಗರು ಇರುತ್ತದೆ, ಅದನ್ನು ಮೂರು ದಿನ ನೆನೆಹಾಕಿ ದಿನಾ ನೀರು ಬದಲಿಸಿ ಬಳಸಬೇಕು. ಕುಂಡಕ್ಕೆ ತಳದಲ್ಲೂ ಪಕ್ಕದಲ್ಲೂ ತೂತು ಇರಲಿ. ಪಾರದರ್ಶಕ ಪ್ಲಾಸ್ಟಿಕ್ ಕುಂಡವಾದರೆ ಬೇರಿನ ಬಣ್ಣ ಹೊರಗಿನಿಂದಲೇ ಕಾಣುತ್ತದೆ, ಹೊಸಬರಿಗೆ ಅದಕ್ಕಿಂತ ದೊಡ್ಡ ಅನುಕೂಲ ಇಲ್ಲ. ನರ್ಸರಿಯಿಂದ ತಂದ ಎಷ್ಟೋ ಗಿಡಗಳ ಬುಡದಲ್ಲಿ ಪಾಚಿಯ ಮುದ್ದೆ ಇರುತ್ತದೆ. ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿಯೇ. ಹೂವು ಮುಗಿದ ಮೇಲೆ ಆ ಮುದ್ದೆ ಬಿಡಿಸಿ ತೆಗೆಯುವುದು ಲೇಸು.

ಈಗ ನೀರಿನ ಮಾತು. ಭಾಲ್ಕಿಯ ಒಬ್ಬ ಹೆಣ್ಣುಮಗಳು ನನ್ನ ಕೇಳಿದ್ದಳು: "ಕಾಕಾ, ದಿನಾ ನೀರು ಹಾಕ್ತೀನಿ, ಆದ್ರೂ ಎಲಿ ಜೋತು ಬಿದ್ದಾವ. ಇನ್ನಷ್ಟು ಹಾಕಲೇನು?" ಎಲೆ ಜೋತು ಬಿದ್ದರೆ ಗಿಡಕ್ಕೆ ನೀರು ಮುಟ್ಟಿಲ್ಲ ಎಂಬುದು ಖರೆ. ಆದರೆ ಬೇರು ಕೊಳೆತಿದ್ದರೆ ಹೀರುವವರು ಯಾರು? ಕುಂಡದಿಂದ ತೆಗೆದು ನೋಡಿದರೆ ಬೇರೆಲ್ಲ ಕಂದು ಬಣ್ಣಕ್ಕೆ ತಿರುಗಿ, ಒತ್ತಿದರೆ ಪಿಚಕ್ಕನೆ ಒಡೆಯುತ್ತಿದ್ದವು. ಕತ್ತರಿಯನ್ನು ಬೆಂಕಿಯಲ್ಲಿ ಕಾಯಿಸಿ, ಕೊಳೆತದ್ದನ್ನೆಲ್ಲ ಕತ್ತರಿಸಿ, ಗಟ್ಟಿ ಇದ್ದ ಮೂರು ಬೇರು ಉಳಿಸಿ ಇದ್ದಲಿ ಚೂರಿನಲ್ಲಿ ಕೂಡಿಸಿದೆವು. ಎಂಟು ತಿಂಗಳಿಗೆ ಹೊಸ ಎಲೆ ಬಂತು. ಗಿಡ ಉಳೀತು.

ನೀರು ಹಾಕಲು ವಾರ, ತಿಥಿ ಲೆಕ್ಕ ಬೇಡ. ಬೇರು ಬೆಳ್ಳಿ ಬಣ್ಣಕ್ಕೆ ಬಂದು, ಕುಂಡ ಎತ್ತಿದರೆ ಹಗುರ ಅನಿಸಿದಾಗ ಹಾಕಬೇಕು. ನಮ್ಮಲ್ಲಿ ಬೇಸಿಗೆಯಲ್ಲಿ ನಾಲ್ಕೈದು ದಿನಕ್ಕೊಮ್ಮೆ, ಮಳೆಗಾಲ-ಚಳಿಗಾಲದಲ್ಲಿ ಎಂಟು-ಹತ್ತು ದಿನಕ್ಕೊಮ್ಮೆ ಆಗುತ್ತದೆ. ಬೆಳಿಗ್ಗೆ ಕುಂಡವನ್ನು ಬಕೆಟ್ ನೀರಿನಲ್ಲಿ ಹತ್ತು ನಿಮಿಷ ಇಟ್ಟು, ಎತ್ತಿ, ಹನಿ ನಿಲ್ಲುವ ತನಕ ಸೋರಲು ಬಿಡಿ. ಎಲೆಗಳ ನಡುವಿನ ಸುಳಿಯಲ್ಲಿ ನೀರು ನಿಂತರೆ ಅರಿವೆ ಚುಂಗಿನಿಂದ ಒರೆಸಬೇಕು. ಸುಳಿ ಕೊಳೆತರೆ ಗಿಡ ಉಳಿಯುವುದು ಅಪರೂಪ.

ನಮ್ಮ ಬೋರಿನ ನೀರು ಗಡಸು. ಹಂಡೆಯ ಒಳಗೆ ಬಿಳಿ ಪದರ ಕಟ್ಟುವ ನೀರು ಬೇರಿನ ಮೇಲೂ ಅದೇ ಕೆಲಸ ಮಾಡುತ್ತದೆ. ಮಳೆ ನೀರು ಎಲ್ಲಕ್ಕಿಂತ ಉತ್ತಮ. ಮಿರಗದ ಮೊದಲ ಒಂದೆರಡು ಮಳೆ ಬಿಟ್ಟು, ಮಾಳಿಗೆ ತೊಳೆದ ಮೇಲೆ ಬರುವ ನೀರನ್ನು ಡ್ರಮ್ಮಿನಲ್ಲಿ ಹಿಡಿದರೆ ಎರಡು-ಮೂರು ಗಿಡಕ್ಕೆ ವರ್ಷಪೂರ್ತಿ ಸಾಕು. ಬಾಯಿ ಅರಿವೆಯಿಂದ ಬಿಗಿದು ಕಟ್ಟಿರಿ, ಇಲ್ಲದಿದ್ದರೆ ಹೂವಿನ ಜೊತೆ ಡೆಂಗಿ ಸೊಳ್ಳೆಯನ್ನೂ ಸಾಕಿದಂತೆ. ಶುದ್ಧ ನೀರಿನ ಘಟಕದ ನೀರೂ ನಡೆಯುತ್ತದೆ. ಆದರೆ ಆ ಯಂತ್ರ ಹೊರಗೆ ಬಿಡುವ ನೀರು ಬೇಡ, ಉಪ್ಪೆಲ್ಲ ಅದರಲ್ಲೇ ಇರುತ್ತದೆ.

ಒಣ ಬೇಸಾಯದವರಿಗೆ ಈ ಗಿಡದ ಒಂದು ಗುಣ ಇಷ್ಟ ಆಗುತ್ತದೆ. ಬಹಳಷ್ಟು ಬೆಳೆಗಳು ಹಗಲಿನಲ್ಲಿ ಎಲೆಯ ಸಣ್ಣ ರಂಧ್ರ ತೆರೆದು ಗಾಳಿ ಎಳೆದುಕೊಳ್ಳುತ್ತವೆ, ಆಗ ನೀರೂ ಆವಿಯಾಗಿ ಹೋಗುತ್ತದೆ. ಇದು ಪಾಪಸುಕಳ್ಳಿ, ಕತ್ತಾಳೆ, ಅನಾನಸಿನ ಹಾಗೆ. ಹಗಲು ಬಾಯಿ ಮುಚ್ಚಿಕೊಂಡು, ರಾತ್ರಿ ತಂಪಿನಲ್ಲಿ ತೆರೆದು ಬೇಕಾದ ಗಾಳಿ ಕೂಡಿಟ್ಟುಕೊಂಡು, ಮರುದಿನ ಬೆಳಕಿನಲ್ಲಿ ಅಡುಗೆ ಮಾಡಿಕೊಳ್ಳುತ್ತದೆ. ಮಳೆಕಾಡಿನ ಗಿಡಕ್ಕೆ ಈ ಜಿಪುಣತನ ಯಾಕೆ ಅಂದರೆ, ಕೊಂಬೆ ಮೇಲೆ ಮಣ್ಣಿಲ್ಲ, ಮಳೆ ನಿಂತ ಎರಡು ತಾಸಿಗೆ ಅಲ್ಲಿಯೂ ಬರಗಾಲವೇ.

ಇಡುವ ಜಾಗ ಮೂಡಲ ದಿಕ್ಕಿನ ಕಿಡಕಿ. ಬೆಳಗಿನ ಎಳೆಬಿಸಿಲು ಬಿದ್ದರೆ ಒಳ್ಳೆಯದು, ಒಂಬತ್ತರ ನಂತರದ್ದು ಬೇಡ. ಪಡುವಣ ಕಿಡಕಿಯಾದರೆ ತೆಳು ಪರದೆ ಕಟ್ಟಬೇಕು. ಎಲೆ ಕಪ್ಪು ಹಸಿರಾಗಿ ಜೋತಾಡಿದರೆ ಬೆಳಕು ಕಮ್ಮಿ, ಹಳದಿಗೆ ತಿರುಗಿ ಅಂಚು ಕೆಂಪಾದರೆ ಹೆಚ್ಚು. ಪತ್ರಾ ಹೊದಿಸಿದ ಮನೆಯಲ್ಲಿ ಬೇಸಿಗೆ ಕಳೆಯುವುದು ಇದಕ್ಕೆ ಆಗದು. ದಪ್ಪ ಗೋಡೆಯ ಹಳೆ ಮಣ್ಣಿನ ಮಾಳಿಗೆ ಮನೆ ಇದ್ದವರು ಪುಣ್ಯವಂತರು. ಏಪ್ರಿಲ್-ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟುವಾಗ ನಾನು ಇದನ್ನು ಕುಡಿಯುವ ನೀರಿನ ಗಡಿಗೆಗಳ ಹತ್ತಿರ ಇಡುತ್ತೇನೆ. ಗಡಿಗೆ ಬೆವರುವ ಜಾಗದಲ್ಲಿ ತಂಪೂ ಇರುತ್ತದೆ, ಗಾಳಿಯಲ್ಲಿ ಪಸೆಯೂ ಇರುತ್ತದೆ. ಇನ್ನೊಂದು ಉಪಾಯ, ಅಗಲ ತಾಟಿನಲ್ಲಿ ಹರಳುಕಲ್ಲು ಹಾಸಿ, ಕಲ್ಲು ಮುಳುಗದಷ್ಟು ನೀರು ಹಾಕಿ, ಮೇಲೆ ಕುಂಡ ಇಡುವುದು. ಕುಂಡದ ತಳ ನೀರಿಗೆ ತಾಗಬಾರದು. ಕೂಲರ್ ಇರುವ ಕೋಣೆ ಚಲೋ, ಆದರೆ ಕೂಲರಿನ ಗಾಳಿ ನೇರ ಗಿಡಕ್ಕೆ ಹೊಡೆಯದಿರಲಿ.

ಹೂವು ಬರಿಸುವ ವಿಷಯದಲ್ಲಿ ಮಾತ್ರ ಬೀದರದವರಿಗೆ ದೇವರು ಕೊಟ್ಟ ಅನುಕೂಲ ಅದ. ಈ ಗಿಡ ಹೂದಂಟು ತೆಗೆಯಲು ಕೆಲವು ವಾರ ತಂಪು ಬೇಕು. ಹಗಲು 25 ಡಿಗ್ರಿ ಒಳಗೆ, ರಾತ್ರಿ 16-18 ಡಿಗ್ರಿ ಆಸುಪಾಸು ಇದ್ದರೆ ಸಾಕು. ಕರಾವಳಿಯವರು ಇದಕ್ಕೆ ಪರದಾಡುತ್ತಾರೆ. ನಮ್ಮಲ್ಲಿ ದೀಪಾವಳಿ ಮುಗಿದ ಮೇಲೆ ಕಿಡಕಿಯ ಪಕ್ಕ ಇದ್ದರೆ ಈ ತಂಪು ಪುಕ್ಕಟೆ. ಎಳ್ಳಮಾಸಿಯ ಹೊತ್ತಿಗೆ ಎಲೆಯ ಸಂದಿನಿಂದ ಹೊಸ ಮೊಳಕೆ ಕಾಣುತ್ತದೆ. ತುದಿ ದುಂಡಗಿದ್ದರೆ ಬೇರು, ಚಪ್ಪಟೆಯಾಗಿ ಮಡಿಸಿದ ಬೆರಳಿನಂತಿದ್ದರೆ ಹೂದಂಟು. ಶಿವರಾತ್ರಿ-ಯುಗಾದಿಯ ನಡುವೆ ಅರಳುತ್ತದೆ. ಆದರೆ ಚಳಿ ಜೋರಾದಾಗ ಹೊರಗೆ ಇಡಬ್ಯಾಡ್ರಿ, 12-13 ಡಿಗ್ರಿಗಿಂತ ಕೆಳಗೆ ಹೋದರೆ ಎಲೆ ಕೆಡುತ್ತದೆ. ಮೊಗ್ಗು ಬಂದ ಮೇಲೆ ಕುಂಡವನ್ನು ಅತ್ತಿತ್ತ ತಿರುಗಿಸಲೂ ಬಾರದು.

ಮೊಗ್ಗು ಉದುರಲು ನಮ್ಮ ಹಳ್ಳಿ ಮನೆಗಳಲ್ಲಿ ಒಂದು ವಿಶೇಷ ಕಾರಣ ಇದೆ: ಅಡಿ ಹಾಕಿದ ಮಾವು, ಬಾಳೆಗೊನೆ. ಹಣ್ಣಾಗುವಾಗ ಅವು ಎಥಿಲೀನ್ ಎಂಬ ಅನಿಲ ಬಿಡುತ್ತವೆ. ಒಂದು ಕಾಯಿ ಹಣ್ಣಾದರೆ ಪಕ್ಕದ್ದೂ ಹಣ್ಣಾಗುವುದು ಅದರಿಂದಲೇ. ಅದೇ ಅನಿಲ ಆರ್ಕಿಡ್ ಹೂವಿಗೆ ಮುಪ್ಪು ತರುತ್ತದೆ. ಎರಡನ್ನೂ ಒಂದೇ ಕೋಣೆಯಲ್ಲಿ ಇಡಬೇಡಿ.

ಗೊಬ್ಬರಕ್ಕೆ ನಾವು ಬೆಳೆಗೆ ಸಿಂಪಡಿಸುವ 19:19:19 ಸಾಕು. ಲೀಟರಿಗೆ ಅರ್ಧ ಗ್ರಾಂ, ಹದಿನೈದು ದಿನಕ್ಕೊಮ್ಮೆ, ಬೇರು ಹಸಿ ಇದ್ದಾಗ. ಬೆಳೆಗೆ ಹಾಕುವ ಅಳತೆಯಲ್ಲಿ ಹಾಕಿದರೆ ಬೇರಿನ ತುದಿ ಸುಟ್ಟುಹೋಗುತ್ತದೆ. ಹಿಟ್ಟು ತಿಗಣೆ ಕಂಡರೆ ಸಾಬೂನು ನೀರಿನ ಹತ್ತಿಯಿಂದ ಒರೆಸಿ ತೆಗೆಯಿರಿ. ತೊಗರಿಗೆ ಹೊಡೆದು ಉಳಿದ ಎಣ್ಣೆಯನ್ನು ಮನೆಯೊಳಗೆ ಸಿಂಪಡಿಸುವವರನ್ನು ಕಂಡಿದ್ದೇನೆ. ಮಕ್ಕಳು ಮಲಗುವ ಕೋಣೆ ಅದು, ದಯವಿಟ್ಟು ಬೇಡ.

ಇಷ್ಟು ಓದಿದ ಮೇಲೆ ಯಾರಾದರೂ ಇದನ್ನೇ ಬೆಳೆ ಮಾಡಿದರೆ ಹೇಗೆ ಎಂದು ಕೇಳಬಹುದು. ಔರಾದ ಕಡೆಯ ಒಬ್ಬ ರೈತರಿಗೆ ಒಬ್ಬ ಏಜೆಂಟ ಇದೇ ಹುಳ ತಲೆಗೆ ಬಿಟ್ಟಿದ್ದ. ನೆರಳು ಬಲೆ, ಮಂಜು ಹಾರಿಸುವ ಯಂತ್ರ, ಸಾವಿರ ಸಸಿ, ಎಲ್ಲ ನಾವೇ ಕೊಡ್ತೀವಿ, ಹೂವೂ ನಾವೇ ಕೊಳ್ತೀವಿ ಎಂದು. ಅವರು ಪಹಣಿ ತಗೊಂಡು ಬ್ಯಾಂಕಿಗೆ ಹೊರಟಿದ್ದರು. ಕೊಳ್ತೀವಿ ಎಂಬ ಮಾತು ಕಾಗದದ ಮೇಲೆ ಅದ ಏನು ಎಂದು ಕೇಳಿದೆ, ಇರಲಿಲ್ಲ. ಮೇ ತಿಂಗಳಲ್ಲಿ ಬೋರು ಎಷ್ಟು ತಾಸು ಎತ್ತುತ್ತದೆ ಎಂದು ಕೇಳಿದೆ, ಸುಮ್ಮನಾದರು. ನಮ್ಮ ಗಡಸು ನೀರಿಗೆ ಮಂಜಿನ ಯಂತ್ರದ ಸಣ್ಣ ಬಾಯಿ ಕಟ್ಟಿಕೊಳ್ಳುವುದು ಬೇರೆ. ಸಿಕ್ಕಿಂ, ಕೇರಳದಂಥ ಪಸೆ ಗಾಳಿಯ ನಾಡಿನಲ್ಲಿ ಇದು ಬೆಳೆ. ಸಿಕ್ಕಿಂನ ಪಾಕ್ಯೋಂಗ್‌ನಲ್ಲಿ 1996ರಿಂದ ಇದಕ್ಕೇ ಒಂದು ರಾಷ್ಟ್ರೀಯ ಸಂಶೋಧನಾ ಕೇಂದ್ರ ಇದೆ. ವೆನಿಲ್ಲಾ ಕೂಡ ಆರ್ಕಿಡ್ ಕುಲದ್ದೇ. ನಮ್ಮ ಮಲೆನಾಡು, ದಕ್ಷಿಣ ಕನ್ನಡದ ರೈತರು 2003ರ ಆಸುಪಾಸಿನ ಬೆಲೆ ನೋಡಿ ಅದರ ಹಿಂದೆ ಓಡಿದ್ದು, ಎರಡು-ಮೂರು ವರ್ಷದಲ್ಲೇ ಬೆಲೆ ನೆಲ ಕಚ್ಚಿದ್ದು ಬಹಳ ಮಂದಿಗೆ ನೆನಪಿರಬಹುದು. ಅವರಿಗೆ ಮಳೆಯಾದರೂ ಇತ್ತು. ಆ ರೈತರು ಪಹಣಿ ವಾಪಸ್ ಪೆಟ್ಟಿಗೆಯಲ್ಲಿ ಇಟ್ಟರು.

ಕೊಳ್ಳುವಾಗ ಹೂವಿಗಿಂತ ಮೊದಲು ಬೇರು ನೋಡಿ. ಎಲೆ ಗಟ್ಟಿ ಇರಲಿ, ದಂಟಿನಲ್ಲಿ ಅರಳದ ಮೊಗ್ಗು ಇನ್ನೂ ಇರಲಿ. ಬೀಜದಿಂದ ಬೆಳೆಸುವ ಆಸೆ ಬಿಡಿ. ಇದರ ಬೀಜ ಹಿಟ್ಟಿನ ಧೂಳಿನಷ್ಟು ಸಣ್ಣ, ಒಳಗೆ ಮೊಳಕೆಗೆ ಬೇಕಾದ ಬುತ್ತಿಯೇ ಇಲ್ಲ. ಕಾಡಿನಲ್ಲಿ ಒಂದು ಬಗೆಯ ಶಿಲೀಂಧ್ರ ಊಟ ಕೊಟ್ಟರಷ್ಟೇ ಮೊಳೆಯುತ್ತದೆ. 1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್ ಎಂಬವರು ಸಕ್ಕರೆ ಬೆರೆಸಿದ ಆಹಾರದ ಮೇಲೆ ಶೀಶೆಯಲ್ಲಿ ಮೊಳೆಸಿ ತೋರಿಸಿದರು. ಆಮೇಲೆ ಅಂಗಾಂಶ ಕೃಷಿಯೂ ಬಂದು, ಶ್ರೀಮಂತರ ಹೂವು ನಮ್ಮಂಥವರ ಕಿಡಕಿಗೂ ಬಂತು.

ಹೂವು ಮುಗಿದ ಮೇಲೆ ದಂಟು ಹಸಿರಿದ್ದು ಗಿಡ ಗಟ್ಟಿ ಇದ್ದರೆ, ಕೆಳಗಿನಿಂದ ಮೂರನೆಯ ಗೆಣ್ಣಿನ ಮೇಲೆ ಕತ್ತರಿಸಿರಿ, ಕೆಲವೊಮ್ಮೆ ಪಕ್ಕದಿಂದ ಮತ್ತೆ ಹೂವು ಬರುತ್ತದೆ. ಬಡಕಲು ಗಿಡವಾದರೆ ಬುಡಕ್ಕೇ ಕತ್ತರಿಸಿ. ಎರಡು ವರ್ಷಕ್ಕೊಮ್ಮೆ ಮಳೆಗಾಲದ ಆರಂಭದಲ್ಲಿ ಚೂರುಗಳನ್ನು ಬದಲಿಸಬೇಕು. ಅದೃಷ್ಟ ಇದ್ದರೆ ಗೆಣ್ಣಿನಲ್ಲಿ ಹೂವಿನ ಬದಲು ಮರಿ ಗಿಡವೇ ಏಳುತ್ತದೆ. ಅವಸರ ಮಾಡಬೇಡಿ. ಮರಿಗೆ ಎರಡು-ಮೂರು ಎಲೆ, ಎರಡಂಗುಲ ಉದ್ದದ ಎರಡು ಬೇರು ಬಂದ ಮೇಲೆ ದಂಟಿನ ತುಂಡಿನ ಸಮೇತ ಕತ್ತರಿಸಿ ಸಣ್ಣ ಕುಂಡಕ್ಕೆ ಹಾಕಿದರೆ, ಎರಡು-ಮೂರು ವರ್ಷಕ್ಕೆ ಅದೂ ಹೂವು ಬಿಡುತ್ತದೆ.