ಮನಸ್ಸಿನ ತುರ್ತಿಗೂ ತಾಲೂಕಿನಲ್ಲಿ ನಾಲ್ಕು ಹಾಸಿಗೆ ಬೇಕು

ಬೆಳೆ ಬಗ್ಗೆ ಬರೆದು ಗೊತ್ತು. ಇಂಥ ವಿಷಯ ಬರೆದವನಲ್ಲ. ಆದರೂ ನಮ್ಮ ಮನೆಯಲ್ಲಿ ನಡೆದದ್ದು ನಾಳೆ ಇನ್ನೊಬ್ಬ ರೈತನ ಮನೆಯಲ್ಲಿ ನಡೆಯಬಹುದು ಅಂತ ಪೆನ್ನು ಹಿಡಿದಿದ್ದೇನೆ. ತಮ್ಮನನ್ನು ಕೇಳಿಯೇ ಬರೆಯುತ್ತಿದ್ದೇನೆ. "ಬರಿ ಅಣ್ಣ, ನನ್ನ ಹೆಸರು ಮಾತ್ರ ಹಾಕಬ್ಯಾಡ" ಅಂದ.

ನಮ್ಮದು ಉತ್ತರ ಕರ್ನಾಟಕದ ಎರೆಭೂಮಿ. ಮಳೆ ನಂಬಿದ ಒಕ್ಕಲುತನ. ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ, ಬಿಳಿಜೋಳ. ತಮ್ಮನಿಗೆ ಪಾಲಿಗೆ ಬಂದದ್ದು 5 ಎಕರೆ. 2023ರ ಬರ ಎಲ್ಲರಿಗೂ ನೆನಪಿದೆ. ಆ ವರ್ಷ ರಾಜ್ಯದ 236 ತಾಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಸರಕಾರವೇ ಘೋಷಿಸಿತು. ತಮ್ಮನ ಹೆಸರು ಹೂವಿಗೆ ಬರುವ ಮೊದಲೇ ಒಣಗಿತು. ಹಸಿ ಸಾಲದೆ ಕಡಲೆ ಗೇಣುದ್ದ ಬೆಳೆದು ನಿಂತಿತು. ಸೊಸೈಟಿ ಸಾಲ 1,20,000 ರೂಪಾಯಿ, ಕೈಗಡ 80,000.

ಸಾಲ ನನಗೂ ಇತ್ತು, ಓಣಿಯವರಿಗೆಲ್ಲ ಇತ್ತು. ಹಾಗಾಗಿ ತಮ್ಮ ಮಂಕಾಗಿದ್ದು ನಮಗೆ ವಿಶೇಷ ಅನಿಸಲಿಲ್ಲ. ಈಗ ಲೆಕ್ಕ ಹಾಕಿದರೆ ಸೂಚನೆಗಳೆಲ್ಲ ಕಣ್ಣೆದುರೇ ಇದ್ದವು. ಇಪ್ಪತ್ತು ದಿನ ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಅರ್ಧ ರೊಟ್ಟಿಗೆ ಏಳುತ್ತಿದ್ದ. ಹೊಲದ ಕಡೆ ಹೋಗುವುದು ಬಿಟ್ಟಿದ್ದ. "ನಾ ಇದ್ದು ಯಾರಿಗೂ ಉಪಯೋಗಿಲ್ಲ" ಅಂತ ಎರಡು ಸಲ ಅಂದ. ಎತ್ತುಗಳನ್ನು ನನ್ನ ಕೊಟ್ಟಿಗೆಗೆ ತಂದು ಕಟ್ಟಿ, "ಇವನ್ನ ನೀನ ನೋಡ್ಕೋ" ಅಂದ. ಮೇವಿಲ್ಲದ್ದಕ್ಕೆ ಹಾಗೆ ಅಂದ ಅಂತ ತಿಳಿದೆ. ನನ್ನ ತಪ್ಪು.

ಆ ರಾತ್ರಿ

2024ರ ಜನವರಿ, ಬುಧವಾರ. ರಾತ್ರಿ ಒಂದು ಗಂಟೆಗೆ ತಮ್ಮನ ಹೆಂಡತಿ ಬಾಗಿಲು ಬಡಿದಳು. "ಬಾವಾರ, ಇವರು ಹಾಸಿಗ್ಯಾಗ ಇಲ್ಲ." ಬ್ಯಾಟರಿ ಹಿಡಿದು ಓಡಿದೆ. ಔಷಧಿ ಡಬ್ಬಿ ಇಡುವ ಕೋಣೆಯ ಮುಂದೆ ಒಬ್ಬನೇ ಕೂತಿದ್ದ. ಕೈಯಲ್ಲಿ ಏನೂ ಇರಲಿಲ್ಲ. ನನ್ನ ನೋಡಿ ಸಣ್ಣ ಹುಡುಗನ ಹಾಗೆ ಅತ್ತ. ಏನು ಮಾಡಬೇಕಂತ ಬಂದಿದ್ದೆ ಅನ್ನುವುದನ್ನು ಮುಚ್ಚಿಡದೆ ಹೇಳಿದ.

ಪಕ್ಕದ ಮನೆಯವರ ಜೀಪು ಮಾಡಿಕೊಂಡು 18 ಕಿ.ಮೀ. ದೂರದ ತಾಲೂಕು ಆಸ್ಪತ್ರೆಗೆ ಹೋದೆವು. ಡ್ಯೂಟಿಯಲ್ಲಿದ್ದ ಹುಡುಗ ಡಾಕ್ಟರು ಒಳ್ಳೆಯವರೇ. ಬಿಪಿ ನೋಡಿದರು, ಹೊಟ್ಟೆ ನೋಡಿದರು. "ಏನಾದರೂ ಕುಡಿದಿದ್ದರೆ ಅಡ್ಮಿಟ್ ಮಾಡ್ಕೋತಿದ್ದೆ. ಏನೂ ಕುಡಿದಿಲ್ಲ, ಗಾಯ ಇಲ್ಲ, ಯಾವ ವಾರ್ಡಿಗೆ ಹಾಕಲಿ? ಮನಸ್ಸಿನ ಡಾಕ್ಟರು ಮಂಗಳವಾರ ಬರ್ತಾರೆ. ಅವತ್ತು ಕರಕೊಂಡು ಬರ್ರಿ" ಅಂದರು.

ಅವತ್ತು ಬುಧವಾರ ರಾತ್ರಿ. ಮಂಗಳವಾರಕ್ಕೆ ಇನ್ನೂ ಐದು ದಿನ.

ಅಲ್ಲಿಂದ ದೊಡ್ಡ ಆಸ್ಪತ್ರೆಗೆ ಹೋದೆವು. ಅಲ್ಲಿ ಬೆಳಿಗ್ಗೆ ಹತ್ತಕ್ಕೆ ಡಾಕ್ಟರು ಬರುವವರೆಗೆ ಪಡಸಾಲೆಯ ಬೆಂಚಿನ ಮೇಲೆ ಕೂತೆವು. ತಮ್ಮನ ಎಡಗೈ ನಾನು ಹಿಡಿದಿದ್ದೆ, ಬಲಗೈ ಅವನ ಹೆಂಡತಿ. ಎರಡು ಸಲ ಎದ್ದು ಹೊರಗೆ ಹೋಗಲು ನೋಡಿದ. ಡಾಕ್ಟರು ಬಂದು ನೋಡಿ, ಇದು ತೀವ್ರ ಖಿನ್ನತೆ, ಒಳರೋಗಿಯಾಗಿ ಇರಲೇಬೇಕು, ಇಲ್ಲಿ ಹಾಸಿಗೆ ಖಾಲಿ ಇಲ್ಲ ಅಂತ ಚೀಟಿ ಬರೆದರು. ಮಧ್ಯಾಹ್ನ ಎರಡಕ್ಕೆ ಧಾರವಾಡದ ಡಿಮ್ಹಾನ್ಸ್ ಮುಟ್ಟಿದೆವು. ಅಲ್ಲಿ ಸೇರಿಸಿಕೊಂಡರು. ಮನೆ ಬಿಟ್ಟು 13 ತಾಸು, ಸುಮಾರು 140 ಕಿ.ಮೀ., ಜೀಪಿಗೆ 4,500 ರೂಪಾಯಿ. ಜೀಪು ಸಿಗದಿದ್ದರೆ? ಅದನ್ನು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಹನ್ನೆರಡು ದಿನ ಅಲ್ಲಿದ್ದೆವು. ಈ ಗುಳಿಗೆ ಕುಡಿದ ಮರುದಿನವೇ ಗುಣ ಕಾಣುವುದಿಲ್ಲ, ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ, ಅಲ್ಲಿಯವರೆಗೆ ಒಬ್ಬನನ್ನೇ ಬಿಡಬೇಡಿ ಅಂದರು. ಆರಾಮಾದ ಮೇಲೆ ತಾವಾಗಿಯೇ ಗುಳಿಗೆ ನಿಲ್ಲಿಸುವುದೇ ದೊಡ್ಡ ತಪ್ಪು ಅಂತಲೂ ಹೇಳಿದರು. ಈಗ ಅದೇ ತಾಲೂಕು ಆಸ್ಪತ್ರೆಯ ಮಂಗಳವಾರದ ಕ್ಲಿನಿಕ್ಕಿಗೆ ತಿಂಗಳಿಗೊಮ್ಮೆ ಹೋಗುತ್ತಾನೆ. ಗುಳಿಗೆ ಪುಕ್ಕಟೆ. ಆ ಕ್ಲಿನಿಕ್ ನಮಗೆ ದೊಡ್ಡ ಉಪಕಾರ, ಅದನ್ನು ಹಳಿಯುವುದಿಲ್ಲ. ಆದರೆ ಮನಸ್ಸು ಕೈಮೀರುವುದು ವಾರ ನೋಡಿ ಅಲ್ಲ.

ಕಾಯ್ದೆ ಏನು ಹೇಳುತ್ತದೆ

ನಾನು ಓದಿದ್ದು ಏಳನೇ ಇಯತ್ತೆ. ಪರಿಚಯದ ವಕೀಲರೊಬ್ಬರು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯನ್ನು ಕನ್ನಡದಲ್ಲಿ ಬಿಡಿಸಿ ಹೇಳಿದರು. ಇದು 2018ರಿಂದ ಜಾರಿಯಲ್ಲಿದೆ. ರೈತರು ನೆನಪಿಡಬೇಕಾದ ನಾಲ್ಕು ಮಾತು ಇವು.

ಒಂದು, 94ನೇ ಕಲಂ. ಜೀವಕ್ಕೆ ಅಪಾಯ ಇದ್ದಾಗ ಯಾವುದೇ ನೋಂದಾಯಿತ ಡಾಕ್ಟರು, ಮನಸ್ಸಿನ ತಜ್ಞರೇ ಆಗಬೇಕೆಂದಿಲ್ಲ, 72 ತಾಸಿನವರೆಗೆ ತುರ್ತು ಚಿಕಿತ್ಸೆ ಕೊಡಬಹುದು. ರೋಗಿಯ ಪರ ನಿಂತವರು ಜೊತೆಗಿದ್ದರೆ ಅವರ ಒಪ್ಪಿಗೆ ಬೇಕು. ಹತ್ತಿರದ ಮಾನಸಿಕ ಆಸ್ಪತ್ರೆಗೆ ಸಾಗಿಸುವುದೂ ಇದರಲ್ಲಿ ಸೇರಿದೆ.

ಎರಡು, 21ನೇ ಕಲಂ. ದೇಹದ ಕಾಯಿಲೆಗೆ ತುರ್ತು ಸೇವೆ, ಆಂಬುಲೆನ್ಸ್ ಹೇಗೆ ಸಿಗುತ್ತದೋ ಮನಸ್ಸಿನ ಕಾಯಿಲೆಗೂ ಹಾಗೇ ಸಿಗಬೇಕು. ಅಂದರೆ ಆ ರಾತ್ರಿ ನಾನು 108ಕ್ಕೆ ಫೋನು ಮಾಡಬಹುದಿತ್ತು. ಗೊತ್ತಿರಲಿಲ್ಲ.

ಮೂರು, 18ನೇ ಕಲಂ. ಚಿಕಿತ್ಸೆಗಾಗಿ ಜನ ದೂರ ಅಲೆಯದಂತೆ ಸರಕಾರ ನೋಡಿಕೊಳ್ಳಬೇಕು.

ನಾಲ್ಕು, 115ನೇ ಕಲಂ. ಜೀವ ಕಳೆದುಕೊಳ್ಳಲು ಹೋದವನು ತೀವ್ರ ಒತ್ತಡದಲ್ಲಿದ್ದ ಅಂತಲೇ ತಿಳಿಯಬೇಕು, ಶಿಕ್ಷೆಯಲ್ಲ, ಆರೈಕೆ ಕೊಡಬೇಕು. ಪೊಲೀಸ್ ಕೇಸಿಗೆ ಹೆದರಿ ಆಸ್ಪತ್ರೆಗೆ ಹೋಗದೆ ಕೂರುವವರು ನಮ್ಮ ಕಡೆ ಇನ್ನೂ ಇದ್ದಾರೆ. ಅವರಿಗೆ ಇದನ್ನು ಹೇಳಿ.

ನಾವು ಕೇಳುತ್ತಿರುವುದು

ಊರಿನ ನಾವು 23 ರೈತರು ಸೇರಿ ಅರ್ಜಿ ಬರೆದೆವು. ಅರಮನೆ ಕೇಳಿಲ್ಲ. ತಾಲೂಕು ಆಸ್ಪತ್ರೆಯಲ್ಲಿ ಮನಸ್ಸಿನ ತುರ್ತಿಗೆಂದೇ ಬೇರೆ ಕೋಣೆ, ನಾಲ್ಕು ಹಾಸಿಗೆ. ಹಗಲು ರಾತ್ರಿ ತರಬೇತಿ ಪಡೆದ ಒಬ್ಬ ನರ್ಸು. ಮನಸ್ಸಿನ ತಜ್ಞರ ಜೊತೆ ರಾತ್ರಿಯೂ ಫೋನಿನಲ್ಲಿ ಮಾತಾಡಿ ಔಷಧಿ ಕೊಡುವ ಏರ್ಪಾಡು. ಜೊತೆಗೆ ಬಂದವರಿಗೆ ಮಲಗಲು ಜಾಗ. ಮೂರು ದಿನ ಅಲ್ಲಿಟ್ಟು, ಕಡಿಮೆಯಾಗದಿದ್ದರೆ ಆಂಬುಲೆನ್ಸಿನಲ್ಲಿ ಮುಂದೆ ಕಳಿಸಲಿ.

ಸಾದಾ ಡಾಕ್ಟರರಿಂದ ಇದು ಆಗುತ್ತದೆಯೇ ಅಂತ ಕೇಳುವವರಿದ್ದಾರೆ. ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರರಿಗೆ, ಸಿಬ್ಬಂದಿಗೆ ತರಬೇತಿ ಕೊಟ್ಟು ಮಾನಸಿಕ ಕಾಯಿಲೆಗೆ ಊರ ಹತ್ತಿರವೇ ಚಿಕಿತ್ಸೆ ಕೊಡಿಸಿದರು. ಅದನ್ನೇ ಮಾದರಿ ಮಾಡಿಕೊಂಡು 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ದಾರಿ ತೋರಿದ್ದೇ ನಮ್ಮ ರಾಜ್ಯ. ಇನ್ನೊಂದು ಹೆಜ್ಜೆ ಇಡಬೇಕಷ್ಟೆ.

ಅರ್ಜಿ ಕೊಟ್ಟು ಎಂಟು ತಿಂಗಳಾಯಿತು. "ಸಿಬ್ಬಂದಿ ಇಲ್ಲ, ಮೇಲಕ್ಕೆ ಬರೆದಿದ್ದೇವೆ" ಅನ್ನುತ್ತಾರೆ. ಎತ್ತಿಗೆ ಹೊಟ್ಟೆ ಉಬ್ಬಿದರೆ ರಾತ್ರಿ ಹತ್ತಕ್ಕೂ ಬರುವ ದನದ ಡಾಕ್ಟರು ನಮ್ಮ ಹೋಬಳಿಯಲ್ಲಿದ್ದಾರೆ. ಎತ್ತು ಹೂಡುವ ಮನುಷ್ಯನಿಗೆ ಅಷ್ಟಾದರೂ ಬೇಡವೇ? ಗ್ರಾಮಸಭೆಯಲ್ಲಿ ಠರಾವು ಮಾಡಿಸಿ, ನಿಮ್ಮ ತಾಲೂಕಿನಿಂದಲೂ ಕೇಳಿ. ಒಂದೇ ಊರಿನ ಅರ್ಜಿ ಫೈಲಿನಲ್ಲಿ ಮಲಗುತ್ತದೆ.

ಅಲ್ಲಿಯವರೆಗೆ

ಹಾಸಿಗೆ ಬರುವವರೆಗೆ ನಾವೂ ಸುಮ್ಮನೆ ಕೂರುವಂತಿಲ್ಲ. ನಮ್ಮ ಓಣಿಯಲ್ಲಿ ಮಾಡಿಕೊಂಡದ್ದು ಇಷ್ಟು.

ಸಿಂಪರಣೆಗೆ ಎಷ್ಟು ಬೇಕೋ ಅಷ್ಟೇ ಔಷಧಿ ತರುತ್ತೇವೆ, ಮನೆಯಲ್ಲಿ ಉಳಿಸುವುದಿಲ್ಲ. ಉಳಿದರೆ ಕಬ್ಬಿಣದ ಪೆಟ್ಟಿಗೆಗೆ ಬೀಗ, ಕೀಲಿ ಇನ್ನೊಬ್ಬರ ಮನೆಯಲ್ಲಿ. ಇದು ಸಣ್ಣ ಮಾತಲ್ಲ. ಶ್ರೀಲಂಕಾದಲ್ಲಿ 1995ರಲ್ಲಿ, ಮತ್ತೆ 1998ರಲ್ಲಿ ಅತಿ ವಿಷದ ಕೀಟನಾಶಕಗಳನ್ನು ನಿಲ್ಲಿಸಿದ ಮೇಲೆ ಹತ್ತು ವರ್ಷದಲ್ಲಿ ಆತ್ಮಹತ್ಯೆ ಪ್ರಮಾಣ ಅರ್ಧಕ್ಕಿಳಿಯಿತು. ಆ ಕೆಟ್ಟ ಗಳಿಗೆ ದಾಟಿಸಿದರೆ ಎಷ್ಟೋ ಜನ ಬದುಕುತ್ತಾರೆ.

ಯಾರಾದರೂ ನಿದ್ದೆ, ಊಟ ಬಿಟ್ಟು ಮಂಕಾದರೆ ಬಾಯಿಬಿಟ್ಟು ಕೇಳುತ್ತೇವೆ: "ಜೀವ ಕಳ್ಕೋಬೇಕು ಅನಿಸ್ತದೇನಪಾ?" ಕೇಳಿದರೆ ಇಲ್ಲದ ವಿಚಾರ ತಲೆಗೆ ಹೊಕ್ಕೀತು ಅಂತ ನಾನೂ ಹೆದರುತ್ತಿದ್ದೆ. ಹಾಗೇನಿಲ್ಲ, ಕೇಳಿದರೆ ಎದೆಭಾರ ಇಳಿಯುತ್ತದೆ ಅಂತ ಧಾರವಾಡದ ಡಾಕ್ಟರು ಹೇಳಿದರು. ಹೌದು ಅಂದರೆ ಒಬ್ಬನನ್ನೇ ಬಿಡುವುದಿಲ್ಲ.

14416 ನಂಬರನ್ನು ಡೈರಿ ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿದ್ದೇವೆ. ಇದು ಸರಕಾರದ ಟೆಲಿ ಮಾನಸ್, 2022ರ ಅಕ್ಟೋಬರಿನಿಂದ ನಡೆಯುತ್ತಿದೆ. ಹಗಲು ರಾತ್ರಿ, ಕನ್ನಡದಲ್ಲಿ, ಪುಕ್ಕಟೆ ಮಾತಾಡುತ್ತಾರೆ.

ತಮ್ಮ ಈ ಹಿಂಗಾರಿಗೆ 3 ಎಕರೆ ಕಡಲೆ, 2 ಎಕರೆ ಬಿಳಿಜೋಳ ಬಿತ್ತಿದ್ದಾನೆ. ಸಾಲ ಇನ್ನೂ ತೀರಿಲ್ಲ. ಎತ್ತುಗಳನ್ನು ಮಾತ್ರ ಮೊನ್ನೆ ತನ್ನ ಕೊಟ್ಟಿಗೆಗೆ ಹೊಡೆದುಕೊಂಡು ಹೋದ.