ತೊಂಬತ್ತು ಗಂಟೆಗಳ ಹಾದಿ

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ಆ ಮಾತಿನ ಅರ್ಥವನ್ನು ತಮ್ಮ ಕಾಲುಗಳಿಂದಲೇ ಅರಿಯಲೆಂಬಂತೆ, ನಾಲ್ಕು ವರ್ಷಗಳಿಗೊಮ್ಮೆ ನಾನಾ ದೇಶಗಳ ಸಾವಿರಾರು ಮಂದಿ ಫ್ರಾನ್ಸ್ ದೇಶದಲ್ಲಿ ಒಂದೆಡೆ ಸೇರುತ್ತಾರೆ. ಪ್ಯಾರಿಸ್ ನಗರದ ಸಮೀಪದಿಂದ ಹೊರಟು, ಪಶ್ಚಿಮದ ಕಡಲ ತೀರದಲ್ಲಿರುವ ಬ್ರೆಸ್ಟ್ ಪಟ್ಟಣವನ್ನು ಮುಟ್ಟಿ, ಮರಳಿ ಪ್ಯಾರಿಸ್ಸಿನ ಬಳಿಗೆ ಬರುವುದು ಅವರ ಗುರಿ. ದೂರ ಸುಮಾರು 1,200 ಕಿಲೋಮೀಟರ್. ವಾಹನ ಬೈಸಿಕಲ್. ದೊರೆಯುವ ಕಾಲ ಹೆಚ್ಚೆಂದರೆ 90 ಗಂಟೆ. ಊಟ, ನಿದ್ರೆ, ವಾಹನದ ದುರಸ್ತಿ ಎಲ್ಲವೂ ಈ ಅವಧಿಯೊಳಗೇ ಮುಗಿಯಬೇಕು. ಈ ಯಾತ್ರೆಗೆ ‘ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್’ ಎಂದೇ ಹೆಸರು.

ಇದು ಆರಂಭವಾದದ್ದು 1891ರಲ್ಲಿ. ಬೈಸಿಕಲ್ ಇನ್ನೂ ಹೊಸ ವಸ್ತುವಾಗಿದ್ದ ಕಾಲವದು. ಅದು ಸಿರಿವಂತರ ಆಟದ ಸಾಮಾನಲ್ಲ, ದೂರದೂರಿಗೆ ಹೋಗಬಲ್ಲ ನಂಬಿಕೆಯ ವಾಹನ ಎಂಬುದನ್ನು ಜನರಿಗೆ ತೋರಿಸಿಕೊಡಲು ಪಿಯರ್ ಜಿಫಾರ್ ಎಂಬ ಪತ್ರಕರ್ತನು ತನ್ನ ಪತ್ರಿಕೆಯ ವತಿಯಿಂದ ಈ ಪಂದ್ಯವನ್ನು ಏರ್ಪಡಿಸಿದನು. ಸೆಪ್ಟೆಂಬರ್ 6ರಂದು ಇನ್ನೂರಕ್ಕೂ ಹೆಚ್ಚು ಮಂದಿ ಪ್ಯಾರಿಸ್ಸಿನಿಂದ ಹೊರಟರು. ರಸ್ತೆಗಳಿಗೆ ಡಾಂಬರಿರಲಿಲ್ಲ. ಗಾಳಿ ತುಂಬಿದ ಟೈರು ಬಳಕೆಗೆ ಬಂದು ಕೆಲವೇ ವರ್ಷಗಳಾಗಿದ್ದವು. ಏರು ಬಂದಾಗ ಗೇರು ಬದಲಾಯಿಸುವ ಅನುಕೂಲವೂ ಆ ಸವಾರರಿಗೆ ಇರಲಿಲ್ಲ.

ಆ ಪಂದ್ಯದಲ್ಲಿ ಗೆದ್ದವನು ಶಾರ್ಲ್ ತೆರೋಂ. ಬ್ರೆಸ್ಟಿನಿಂದ ಮರಳುವಾಗ ಅವನಿಗಿಂತ ಮುಂದಿದ್ದ ಜಿಯೆಲ್-ಲಾವಾಲ್ ಎಂಬ ಸವಾರನು ದಾರಿಯ ಒಂದು ಊರಿನಲ್ಲಿ ನಿದ್ರೆಗೆಂದು ತಂಗಿದನು. ಅವನು ಮಲಗಿದ್ದಾಗಲೇ ತೆರೋಂ ಸದ್ದಿಲ್ಲದೆ ಆ ಊರನ್ನು ದಾಟಿ ಮುಂದೆ ಸಾಗಿದನು. ಮೂರು ಇರುಳುಗಳನ್ನು ಹೀಗೆ ಎಚ್ಚರದಲ್ಲೇ ಕಳೆದು, 71 ಗಂಟೆ 22 ನಿಮಿಷಗಳಲ್ಲಿ ಅವನು ಪ್ಯಾರಿಸ್ ತಲುಪಿದನು. ಅವನ ವೇಗ ಗಂಟೆಗೆ ಸರಾಸರಿ 17 ಕಿಲೋಮೀಟರಿನಷ್ಟು. ಕೊನೆಯ ಸವಾರರು ಬಂದು ಸೇರುವಷ್ಟರಲ್ಲಿ ಹಲವು ದಿನಗಳೇ ಕಳೆದಿದ್ದವು. ಆದರೂ ಹೊರಟವರಲ್ಲಿ ಅರ್ಧದಷ್ಟು ಮಂದಿ ಗುರಿ ಮುಟ್ಟಿದ್ದು ಬೈಸಿಕಲ್ಲಿನ ಸಾಮರ್ಥ್ಯಕ್ಕೆ ಸಾಕ್ಷಿಯಾಯಿತು.

ಈ ಹಾದಿಯ ಕಷ್ಟವೇನೆಂಬುದನ್ನು ನಕ್ಷೆ ನೋಡಿ ತಿಳಿಯಲಾಗದು. ಹಾದಿಯ ಬಹುಭಾಗವಿರುವ ಬ್ರಿಟನಿ ಪ್ರಾಂತದಲ್ಲಿ ಹಿಮಶಿಖರಗಳಿಲ್ಲ. ಅಲ್ಲಿನ ಅತ್ಯಂತ ಎತ್ತರದ ಗುಡ್ಡವೂ 400 ಮೀಟರನ್ನು ಮುಟ್ಟುವುದಿಲ್ಲ. ಆದರೆ ಆ ನಾಡಿನಲ್ಲಿ ಸಮತಟ್ಟಾದ ನೆಲವೂ ಅಪರೂಪ. ಒಂದು ದಿಣ್ಣೆಯನ್ನು ಹತ್ತಿ ಇಳಿಯುವಷ್ಟರಲ್ಲಿ ಇನ್ನೊಂದು ದಿಣ್ಣೆ ಎದುರಾಗುತ್ತದೆ. ಹತ್ತಿದ ಎತ್ತರವನ್ನೆಲ್ಲ ಕೂಡಿಸಿದರೆ ಮೊತ್ತ 10,000 ಮೀಟರಿಗೂ ಹೆಚ್ಚು. ಎವರೆಸ್ಟ್ ಶಿಖರದ ಎತ್ತರವೇ 8,849 ಮೀಟರ್ ಎಂಬುದನ್ನು ನೆನೆದರೆ ಈ ಸಣ್ಣ ದಿಣ್ಣೆಗಳ ಪ್ರತಾಪ ತಿಳಿದೀತು.

ಹತ್ತುವಾಗ ಪಟ್ಟ ಶ್ರಮ ಇಳಿಯುವಾಗ ಹಿಂದಿರುಗುವುದಿಲ್ಲವೇ ಎಂದು ನೀವು ಕೇಳಬಹುದು. ಪೂರ್ತಿಯಾಗಿ ಹಿಂದಿರುಗುವುದಿಲ್ಲ. ಇಳಿಜಾರಿನಲ್ಲಿ ವೇಗ ಹೆಚ್ಚಿದಂತೆ ಗಾಳಿಯ ತಡೆಯೂ ಹೆಚ್ಚುತ್ತದೆ. ವೇಗ ಎರಡರಷ್ಟಾದರೆ ತಡೆ ಸುಮಾರು ನಾಲ್ಕರಷ್ಟಾಗುತ್ತದೆ. ತಿರುವುಗಳಲ್ಲಿ ಬ್ರೇಕು ಹಿಡಿದಾಗ ಉಳಿದ ಶಕ್ತಿಯಲ್ಲಿ ಒಂದು ಪಾಲು ಶಾಖವಾಗಿ ಹೋಗುತ್ತದೆ. ಹೀಗೆ ಬೆವರು ಸುರಿಸಿ ಗಳಿಸಿದ ಶಕ್ತಿ ಗಾಳಿಯ ಪಾಲಾಗುತ್ತದೆ.

ಇಲ್ಲಿ ಸವಾರನಿಗೆ ನೆರವಾಗುವುದು ಗೇರು. ಪೆಡಲಿನ ಬಳಿಯ ಹಲ್ಲುಚಕ್ರದಲ್ಲಿ 44 ಹಲ್ಲುಗಳೂ ಹಿಂದಿನ ಹಲ್ಲುಚಕ್ರದಲ್ಲಿ 11 ಹಲ್ಲುಗಳೂ ಇವೆಯೆಂದು ಭಾವಿಸೋಣ. ಪೆಡಲು ಒಮ್ಮೆ ಸುತ್ತಿದರೆ ಹಿಂದಿನ ಗಾಲಿ ನಾಲ್ಕು ಸಲ ಸುತ್ತುತ್ತದೆ. ಸಮನೆಲದ ಮೇಲೆ ಇದು ಲಾಭದಾಯಕ. ಆದರೆ ಏರಿನಲ್ಲಿ ಇದನ್ನು ತುಳಿಯುವುದು ಅತಿ ಕಷ್ಟ. ಸರಪಳಿಯನ್ನು ಎರಡೂ ಕಡೆ 30 ಹಲ್ಲುಗಳುಳ್ಳ ಚಕ್ರಗಳಿಗೆ ಬದಲಾಯಿಸಿದರೆ ಪೆಡಲಿನ ಒಂದು ಸುತ್ತಿಗೆ ಗಾಲಿಯೂ ಒಂದೇ ಸುತ್ತು ಸುತ್ತುತ್ತದೆ. ಕಾಲು ಹಾಕಬೇಕಾದ ಬಲ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಆದರೆ ಅಷ್ಟೇ ದೂರ ಸಾಗಲು ನಾಲ್ಕರಷ್ಟು ಸಲ ತುಳಿಯಬೇಕು. ಮಾಡಬೇಕಾದ ಕೆಲಸವನ್ನು ಗೇರು ಕಡಿಮೆ ಮಾಡದು. ಅದನ್ನು ಸಣ್ಣ ಸಣ್ಣ ಪಾಲುಗಳಾಗಿ ಹಂಚಿಕೊಡುತ್ತದೆ, ಅಷ್ಟೆ.

ಈ ಯಾತ್ರೆಯ ಗುಟ್ಟೂ ಅಂಥ ಹಂಚಿಕೆಯಲ್ಲೇ ಅಡಗಿದೆ. 1,200 ಕಿಲೋಮೀಟರನ್ನು 90 ಗಂಟೆಗಳಿಂದ ಭಾಗಿಸಿದರೆ ಗಂಟೆಗೆ 13 ಕಿಲೋಮೀಟರಿಗಿಂತ ತುಸು ಹೆಚ್ಚು ಬರುತ್ತದೆ. ಇದೇನು ಮಹಾ ವೇಗ ಎನಿಸಬಹುದು. ಆದರೆ ನಿದ್ರೆಗೆ 10 ಗಂಟೆಯನ್ನೂ ಊಟ, ವಿಶ್ರಾಂತಿ, ದುರಸ್ತಿಗಳಿಗೆ 15 ಗಂಟೆಯನ್ನೂ ಕಳೆದರೆ ಉಳಿಯುವುದು 65 ಗಂಟೆ. ಆಗ ಗಂಟೆಗೆ ಹದಿನೆಂಟೂವರೆ ಕಿಲೋಮೀಟರಿನಂತೆ, ಹಗಲೂ ಇರುಳೂ, ಏರಿನಲ್ಲೂ ಎದುರುಗಾಳಿಯಲ್ಲೂ ಸಾಗಬೇಕಾಗುತ್ತದೆ. ಮೊದಲ ದಿನದ ಉತ್ಸಾಹದಲ್ಲಿ ಶಕ್ತಿಯನ್ನೆಲ್ಲ ವ್ಯಯ ಮಾಡಿದವನಿಗೆ ಮೂರನೆಯ ದಿನ ಕಾಲುಗಳು ಮಾತು ಕೇಳುವುದಿಲ್ಲ.

ಕಾಲುಗಳಿಗಿಂತಲೂ ಹಟಮಾರಿಯಾದುದು ನಿದ್ರೆ. ಅದನ್ನು ಸೋಲಿಸಿದವನೇ 1891ರಲ್ಲಿ ವೀರನೆನಿಸಿದನು. ಆದರೆ ವೃತ್ತಿಪರರ ಪಂದ್ಯವು 1951ಕ್ಕೆ ಕೊನೆಗೊಂಡಿತು. ಇಂದಿನ ಯಾತ್ರೆಯಲ್ಲಿ ಮೊದಲನೆಯವನು, ಎರಡನೆಯವನು ಎಂಬ ಬಹುಮಾನಗಳಿಲ್ಲ. ಕಾಲಮಿತಿಯೊಳಗೆ ಬಂದವರೆಲ್ಲರೂ ಸಮಾನರು. ಆದುದರಿಂದ ನಿದ್ದೆಗೆಟ್ಟು ಓಡುವವನು ಈಗ ಜಾಣನೆನಿಸಿಕೊಳ್ಳುವುದಿಲ್ಲ. ದಣಿದ ಸವಾರನಿಗೆ ತೂಕಡಿಕೆ ಬಂದು ಕ್ಷಣಕಾಲ ಕಣ್ಣು ಮುಚ್ಚಿದರೂ ಇಳಿಜಾರಿನಲ್ಲಿ ಪ್ರಾಣಕ್ಕೇ ಅಪಾಯ. ದಾರಿಯಲ್ಲಿ ಗೊತ್ತುಪಡಿಸಿದ ತಪಾಸಣೆಯ ಠಾಣೆಗಳಿವೆ. ಅವುಗಳಲ್ಲಿ ಹಲವು ನಮ್ಮ ನಿಮ್ಮಂಥವರ ಶಾಲೆಯ ಕಟ್ಟಡಗಳೇ. ಅಲ್ಲಿ ಸವಾರನು ತನ್ನ ಚೀಟಿಗೆ ಮುದ್ರೆ ಹಾಕಿಸಿಕೊಂಡು, ಉಂಡು, ಬೇಕಿದ್ದರೆ ಮಲಗಬಹುದು. ಎಷ್ಟು ಗಂಟೆಗೆ ಏಳಬೇಕೆಂದು ಹೇಳಿದರೆ ಸ್ವಯಂಸೇವಕರು ಬಂದು ಎಬ್ಬಿಸುತ್ತಾರೆ.

ಬೇರೆಡೆಯೂ ಊರ ಜನರ ಆದರ ಕಡಿಮೆಯಿಲ್ಲ. ಹಳ್ಳಿಗರು ಮನೆಯ ಮುಂದೆ ಮೇಜು ಹಾಕಿ, ನಡುರಾತ್ರಿಯಲ್ಲೂ ಅಪರಿಚಿತರಿಗೆ ನೀರು, ಕಾಫಿ, ತಿಂಡಿಗಳನ್ನು ನೀಡುತ್ತಾರೆ. ಗಾಲಿಯ ಆಕಾರದಲ್ಲಿ ಮಾಡುವ ‘ಪ್ಯಾರಿಸ್–ಬ್ರೆಸ್ಟ್’ ಎಂಬ ಸಿಹಿತಿನಿಸು ಫ್ರಾನ್ಸಿನಲ್ಲಿ ಈ ಪಂದ್ಯದ ನೆನಪಿಗಾಗಿಯೇ ಹುಟ್ಟಿಕೊಂಡಿತು.

ಇಲ್ಲಿ ಭಾಗವಹಿಸಬೇಕಾದರೆ ಅದೇ ವರ್ಷ 200, 300, 400 ಮತ್ತು 600 ಕಿಲೋಮೀಟರ್ ದೂರದ ಸವಾರಿಗಳನ್ನು ನಿಗದಿತ ಕಾಲದಲ್ಲಿ ಮುಗಿಸಿರಬೇಕು. 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 600 ಕಿಲೋಮೀಟರಿಗೆ 40 ಗಂಟೆ ಕಾಲಾವಕಾಶವಿದೆ. ಇಂಥ ಸವಾರಿಗಳು ಬೆಂಗಳೂರಿನಿಂದಲೂ ನಡೆಯುತ್ತವೆ. 2019ರಲ್ಲಿ ಕನ್ನಡಿಗರೂ ಸೇರಿದಂತೆ ಭಾರತದ ನೂರಾರು ಮಂದಿ ಫ್ರಾನ್ಸಿಗೆ ಹೋಗಿದ್ದರು. ಆ ವರ್ಷ ಬಲವಾದ ಎದುರುಗಾಳಿ ಬೀಸಿತು. ಇರುಳ ಚಳಿಯೂ ಬಾಧಿಸಿತು. ನಮ್ಮವರಲ್ಲಿ ಬಹುಮಂದಿಗೆ ಕಾಲಮಿತಿಯೊಳಗೆ ಯಾತ್ರೆಯನ್ನು ಮುಗಿಸಲಾಗಲಿಲ್ಲ. ಮುಂದಿನ ಯಾತ್ರೆ ನಡೆದ 2023ರಲ್ಲಿಯೂ ಭಾರತದಿಂದ ನೂರಾರು ಮಂದಿ ಹೊರಟರು.

ದಾರಿಯ ನಡುವೆ, ಕತ್ತಲೆಯಲ್ಲಿ, ಮೈಮನಗಳೆರಡೂ ಬಳಲಿದಾಗ ಪ್ರತಿಯೊಬ್ಬ ಸವಾರನಿಗೂ ಒಂದು ಪ್ರಶ್ನೆ ಎದುರಾಗುತ್ತದೆ. ಮುಂದಿನ ದಿಣ್ಣೆಯನ್ನು ಹತ್ತಬೇಕೆ, ಒಂದು ಗಂಟೆ ಮಲಗಬೇಕೆ, ಅಥವಾ ಇಲ್ಲಿಗೇ ನಿಲ್ಲಿಸಬೇಕೆ? ಇದಕ್ಕೆ ಉತ್ತರವನ್ನು ಅವನೇ ಕಂಡುಕೊಳ್ಳಬೇಕು. ಹಟವೊಂದೇ ಅಲ್ಲಿ ಸಾಲದು. ತನ್ನ ಶಕ್ತಿಯ ಅಳತೆಯನ್ನು ತಾನು ಬಲ್ಲ ವಿವೇಕವೂ ಬೇಕು. ಆ ಅಳತೆಯನ್ನು ಅರಿತು, ಸಮಯಕ್ಕೆ ಉಂಡು, ಸಮಯಕ್ಕೆ ಮಲಗಿ, ಒಂದಾದ ಮೇಲೊಂದರಂತೆ ದಿಣ್ಣೆಗಳನ್ನು ಹತ್ತುವವನಿಗೆ 1,200 ಕಿಲೋಮೀಟರ್ ಕೂಡ ದಾಟಲಾಗದ ದೂರವಲ್ಲ. ನಿಧಾನವೇ ಪ್ರಧಾನವೆಂದು ನಮ್ಮ ಹಿರಿಯರು ಹೇಳಿದ್ದು ಈ ಹಾದಿಗೂ ಸಲ್ಲುತ್ತದೆ.